ಸೆರಗಿನ ಚುಂಗು

ಈ ಮಾತು ಕೇಳುತ್ತಿರುವ ಅಕ್ಕ ತಂಗಿಯರಲ್ಲಿ ಮೊದಲಿಗೆ ಒಂದು ವಿನಂತಿ. ನಿಮ್ಮ ಸೆರಗಿನ ತುದಿಯನ್ನು ಒಮ್ಮೆ ಕೈಗೆ ತಗೊಳ್ಳಿ. ವೇಲ್ ಹಾಕಿಕೊಂಡವರು ವೇಲಿನ ತುದಿ ಹಿಡಿಯಿರಿ. ಓಢಣಿ ಹೊದ್ದವರು ಓಢಣಿಯ ತುದಿ ಹಿಡಿಯಿರಿ. ನಮ್ಮ ಕಡೆ ಅದಕ್ಕೆ ಚುಂಗು ಅಂತೀವಿ. ಬೆರಳಿಂದ ಸವರಿ ನೋಡಿ. ಅಲ್ಲಿ ಅರಿಷಿಣದ ಕಲೆ ಇದ್ದೀತು. ಎಣ್ಣೆಯ ಜಿಡ್ಡು ಇದ್ದೀತು. ಕೂಸಿನ ಮೂಗು ಒರೆಸಿದ ಗುರುತು ಇದ್ದೀತು. ಚಿಲ್ಲರೆ ಕಟ್ಟಿದ ಗಂಟಿನ ಸುಕ್ಕು ಇದ್ದೀತು. ಇವತ್ತು ನಾನು ಮಾತಾಡುವುದು ಆ ಚುಂಗಿನ ಬಗ್ಗೆ.

ಹೆಣ್ಣುಮಕ್ಕಳು ತಲೆಗೆ, ಹೆಗಲಿಗೆ ಹೊದೆಯುವ ಬಟ್ಟೆಗೆ ಜಗತ್ತಿನಲ್ಲಿ ನೂರಾರು ಹೆಸರುಗಳಿವೆ. ನಮ್ಮಲ್ಲಿ ಸೆರಗು. ಲಂಬಾಣಿ ತಾಂಡಾದಲ್ಲಿ ಟುಕ್ರಿ. ರಷ್ಯಾದಲ್ಲಿ ಪ್ಲಾತೋಕ್. ನೈಜೀರಿಯಾದ ಯೊರುಬಾ ಜನರಲ್ಲಿ ಗೆಲೆ. ದಕ್ಷಿಣ ಆಫ್ರಿಕಾದಲ್ಲಿ ಡೂಕ್. ಇಂಗ್ಲಿಷಿನವರ ಸ್ಕಾರ್ಫ್ ಈಗ ನಮ್ಮ ಮನೆಮಾತೇ ಆಗಿಬಿಟ್ಟಿದೆ. ಈ ಬಟ್ಟೆಯ ಸುದ್ದಿ ಬಂದಾಗೆಲ್ಲ ಎರಡೇ ಶಬ್ದ ಕಿವಿಗೆ ಬೀಳುತ್ತವೆ. ಒಂದು ಮರ್ಯಾದೆ. ಇನ್ನೊಂದು ಫ್ಯಾಷನ್. ದುಡಿಮೆ ಅನ್ನುವ ಶಬ್ದ ಯಾರ ಬಾಯಲ್ಲೂ ಬರುವುದಿಲ್ಲ. ನನಗೆ ಅದೇ ಬೇಸರ. ಕುಡಗೋಲು, ಮೊರ, ಸಾಣಿಗೆ ಇವೆಲ್ಲ ಹೆಣ್ಣಿನ ಕೈಯ ಸಲಕರಣೆಗಳು. ಸೆರಗೂ ಅಂಥದೇ ಒಂದು ಸಲಕರಣೆ. ಅದನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಹೇಳಬೇಕು ಅಂತ ಬಂದಿದ್ದೇನೆ.

ನಮ್ಮೂರು ಗಬ್ಬೂರು. ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಊರು. ಹಿಂದೆ ಇದಕ್ಕೆ ಗೋಪುರಗ್ರಾಮ ಅನ್ನುವ ಹೆಸರಿತ್ತು. ವಿದ್ಯೆ ಕಲಿಸುವ ಊರಾಗಿತ್ತು. ಈಶ್ವರ, ವೆಂಕಟೇಶ್ವರ, ಹನುಮಂತದೇವರ ಹಳೆಯ ಗುಡಿಗಳಿವೆ. ಶಾಸನದ ಕಲ್ಲುಗಳಿವೆ. ಸುತ್ತ ಎರೆಭೂಮಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವೆ ಜೋಳ, ತೊಗರಿ, ಮೆಣಸಿನಕಾಯಿ, ಹತ್ತಿ. ಬ್ಯಾಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಬಿಸಿಲಿನಲ್ಲಿ ತಲೆ ಮೇಲೆ ಬಟ್ಟೆ ಯಾಕೆ ಬಂತು ಅಂತ ಯಾರೂ ಪುರಾಣ ತೆಗೆಯಬೇಕಾಗಿಲ್ಲ. ಹೊರಗೆ ಹತ್ತು ಹೆಜ್ಜೆ ಹಾಕಿದರೆ ಸಾಕು.

ನಮ್ಮ ಅಜ್ಜಿಯ ಸೆರಗನ್ನು ನಾನು ಸಣ್ಣವಳಿದ್ದಾಗಿಂದ ನೋಡಿದ್ದೇನೆ. ಅದು ಎಡ ಹೆಗಲಿಂದ ಬೆನ್ನಿಗೆ ಹೋಗಿ, ತಲೆ ಏರಿ, ಬಲ ಹೆಗಲಿಗೆ ಇಳಿಯುತ್ತಿತ್ತು. ಮುಂಜಾನೆ ಒಲೆ ಊದಿ ಕಣ್ಣಲ್ಲಿ ನೀರು ಬಂದರೆ ಅದರಲ್ಲೇ ಒರೆಸಿಕೊಳ್ಳುತ್ತಿದ್ದಳು. ಕುದಿಯುವ ಬೇಳೆಯ ಗಡಿಗೆಯನ್ನು ಅದರಲ್ಲೇ ಹಿಡಿದು ಇಳಿಸುತ್ತಿದ್ದಳು. ನೀರಿಗೆ ಹೊರಟರೆ ಅದನ್ನೇ ಸುತ್ತಿ ಸಿಂಬಿ ಮಾಡಿ ಕೊಡ ಇಡುತ್ತಿದ್ದಳು. ಸಂತೆಯಿಂದ ಬರುವಾಗ ಉಳಿದ ಚಿಲ್ಲರೆ ಚುಂಗಿನ ಗಂಟಿನಲ್ಲಿ ಇರುತ್ತಿತ್ತು. ಆ ಗಂಟು ಬಿಚ್ಚಿ ನನಗೆ ನಾಲ್ಕಾಣೆ ಕೊಟ್ಟಿದ್ದು ಇನ್ನೂ ನೆನಪಿದೆ. ನಾಣ್ಯಕ್ಕೆ ಅಡಿಕೆಯ ವಾಸನೆ ಇತ್ತು.

ನಾನು ಮೊದಲ ಸಲ ಸೀರೆ ಉಟ್ಟ ದಿನ ಅಡುಗೆಮನೆಗೆ ಹೋದೆ. ಒಲೆ ಮೇಲಿನ ಹಾಲು ಉಕ್ಕುತ್ತಿತ್ತು. ಪಾತ್ರೆ ಇಳಿಸಲಿಕ್ಕೆ ಅರಿವಿ ಎಲ್ಲಿದೆ ಅಂತ ಆ ಕಡೆ ಈ ಕಡೆ ನೋಡಿದೆ. ಅಜ್ಜಿ ಕೂತಲ್ಲಿಂದಲೇ ಅಂದಳು: “ಯವ್ವಾ, ಮೈಮ್ಯಾಲ ಎರಡು ಮೊಳ ಅರಿವಿ ಇಟ್ಕೊಂಡು ಅರಿವಿ ಹುಡುಕ್ತಿಯಲ್ಲ!”

ಮನೆಯ ಮಾತು ಇಷ್ಟು. ಈಗ ಹೊಲಕ್ಕೆ ಹೋಗೋಣ.

ದೀಪಾವಳಿಯ ಆಸುಪಾಸು ನಮ್ಮ ಕಡೆ ಹತ್ತಿ ಬಿಡಿಸುವ ಸುಗ್ಗಿ. ಕೇಳುಗರೇ, ಹತ್ತಿ ಹೊಲ ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಬ್ಬನಿ ಆರಿದ ಮೇಲೆ ಹೆಣ್ಣುಮಕ್ಕಳು ಸಾಲು ಹಿಡಿಯುತ್ತಾರೆ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ. ತಲೆಗೆ ಬಿಗಿಯಾಗಿ ಕಟ್ಟಿದ ಟವೆಲ್ಲು. ಅಂಗಿ ಯಾಕೆ? ಒಣಗಿದ ಹತ್ತಿ ಕಾಯಿಯ ತುದಿ ಸೂಜಿಯ ಹಾಗೆ ಚೂಪು. ಕೈ ಗೀರುತ್ತದೆ. ಟವೆಲ್ಲು ಯಾಕೆ? ಬಿಸಿಲು, ಧೂಳು, ಹುಳದ ಕಾಟ. ಇನ್ನು ಸೆರಗು. ಅದನ್ನು ಮುಂದಕ್ಕೆ ತಂದು, ಒಂದು ಚುಂಗನ್ನು ಎಡ ಸೊಂಟಕ್ಕೆ, ಇನ್ನೊಂದನ್ನು ಬಲ ಸೊಂಟಕ್ಕೆ ಸಿಗಿಸುತ್ತಾರೆ. ಹೊಟ್ಟೆಯ ಮುಂದೆ ಒಂದು ಜೋಳಿಗೆ ಆಗುತ್ತದೆ. ಅದೇ ಉಡಿ.

ಉಡಿ ಕಟ್ಟಿಕೊಂಡರೆ ಎರಡೂ ಕೈ ಖಾಲಿ. ಎಡಗೈ ಒಂದು ಗಿಡಕ್ಕೆ, ಬಲಗೈ ಇನ್ನೊಂದು ಗಿಡಕ್ಕೆ. ಬೆರಳು ಕಾಯಿಯೊಳಗೆ ಹೋಗಿ ಅರಳೆಯನ್ನು ಒಂದೇ ಸಲಕ್ಕೆ ಎಳೆಯಬೇಕು. ಒಣ ಎಲೆಯ ಚೂರು ಸೇರಬಾರದು. ಸೇರಿದರೆ ಮಾರ್ಕೆಟ್ಟಿನಲ್ಲಿ ದರ ಇಳಿಯುತ್ತದೆ. ಎಳೆದ ಹತ್ತಿ ನೋಡದೆಯೇ ಉಡಿಗೆ ಬೀಳುತ್ತದೆ. ಉಡಿ ಉಬ್ಬುತ್ತಾ ಹೋಗುತ್ತದೆ. ನಾಲ್ಕೈದು ಕಿಲೋ ಆದಾಗ ಬದುವಿಗೆ ನಡೆದು ತಾಡಪತ್ರಿಯ ಮೇಲೆ ಸುರಿಯುತ್ತಾರೆ. ಮತ್ತೆ ಸಾಲಿಗೆ ಬರುತ್ತಾರೆ. ಕೂಲಿ ಕಿಲೋ ಲೆಕ್ಕ. ಅಂದರೆ ಆ ದಿನದ ಗಳಿಕೆ ಹೊತ್ತದ್ದು ಸೆರಗು. ರಾಯಚೂರಿನ ಹತ್ತಿ ಮಾರ್ಕೆಟ್ಟು ರಾಜ್ಯದ ದೊಡ್ಡ ಮಾರ್ಕೆಟ್ಟುಗಳಲ್ಲಿ ಒಂದು. ಲಾರಿಗಟ್ಟಲೆ ಅಂಡಿಗೆ ಅಲ್ಲಿಗೆ ಬರುತ್ತವೆ. ಆ ಅಂಡಿಗೆಗಳಲ್ಲಿ ಎಷ್ಟೋ ಹತ್ತಿ ಮೊದಲು ಯಾರೋ ಒಬ್ಬ ತಾಯಿಯ ಉಡಿಯಲ್ಲಿ ಇದ್ದದ್ದು.

ಈ ಉಡಿ ಅನ್ನುವ ಪದವನ್ನೇ ಒಂದು ಗಳಿಗೆ ಹಿಡಿದುಕೊಳ್ಳಿ. ಬಸುರಿಗೆ ಕುಬಸ ಮಾಡಿದಾಗ ಉಡಿ ತುಂಬುತ್ತೇವೆ. ತವರಿಂದ ಹೊರಟ ಮಗಳಿಗೆ ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅಡಿಕೆ, ಅರಿಷಿಣದ ಬೇರು, ಎಲೆ, ಕುಬಸದ ಖಣ. ಅವಳು ಸೆರಗು ಚಾಚಿ ಹಿಡಿಯುತ್ತಾಳೆ. ಒಂದು ಕಾಳೂ ಚೆಲ್ಲದಂತೆ ಗಂಟು ಮಾಡಿ ಒಯ್ಯುತ್ತಾಳೆ. ಸೀಗಿ ಹುಣ್ಣಿಮೆ ಬಂದರೆ ಭೂಮಿತಾಯಿಗೂ ಉಡಿ ತುಂಬುತ್ತೇವೆ. ಬೆಳೆದು ನಿಂತ ಹೊಲ ನಮಗೆ ಬಸುರಿ. ಕೆಲಸದ ಉಡಿಗೂ ಪೂಜೆಯ ಉಡಿಗೂ ನಮ್ಮ ಮಂದಿ ಬೇರೆ ಬೇರೆ ಪದ ಮಾಡಲಿಲ್ಲ. ಮೊದಲು ಯಾವುದು ಹುಟ್ಟಿತು? ನನ್ನ ಮಟ್ಟಿಗೆ ಹೊಲದ ಉಡಿಯೇ ಮೊದಲು. ಕಾಳು ಹೊತ್ತು ತಂದ ಸೆರಗನ್ನು ಕಂಡೇ ಅದನ್ನು ತುಂಬಿ ಹರಸುವ ಬುದ್ಧಿ ಬಂದಿರಬೇಕು.

ಇಲ್ಲಿಯ ತನಕ ಮನೆಯ ಸೆರಗು, ಹೊಲದ ಸೆರಗು ನೋಡಿದೆವು. ಇನ್ನು ಸೆರಗಿನ ಚೆಲುವಿಗೆ ಬರುತ್ತೇನೆ. ದುಡಿಮೆಯ ಬಟ್ಟೆ ಅಂದಮಾತ್ರಕ್ಕೆ ಚೆಂದ ಇರಬಾರದೇ?

ನಮ್ಮ ಲಿಂಗಸುಗೂರು, ಮುದಗಲ್ಲು ದಾಟಿದರೆ ಇಳಕಲ್ಲು ಬಹಳ ದೂರವಲ್ಲ. ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಿಯ ಸೀರೆ ನಮ್ಮ ಭಾಗದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಅದರ ಹೆಚ್ಚುಗಾರಿಕೆ ಇರುವುದೇ ಸೆರಗಿನಲ್ಲಿ. ನಿಮಗೆ ಕಾಣುವ ಹಾಗೆ ಹೇಳುತ್ತೇನೆ. ಸೀರೆಯ ಮೈ ಕಪ್ಪೋ, ಹಸಿರೋ, ನೀಲಿಯೋ ಇರಲಿ. ಸೆರಗು ಮಾತ್ರ ಕೆಂಪು. ದಾಳಿಂಬೆ ಕಾಳಿನ ಕೆಂಪು. ಆ ಕೆಂಪಿನ ಮೂರು ಪಟ್ಟಿ. ಎರಡೆರಡು ಪಟ್ಟಿಯ ನಡುವೆ ಬಿಳಿಯ ಚಿತ್ತಾರ. ಚಿತ್ತಾರದ ಅಂಚು ಹಲ್ಲುಹಲ್ಲಾಗಿ ಏರಿ ಇಳಿಯುತ್ತದೆ. ಇದೇ ತೋಪುತೆನೆ ಸೆರಗು.

ಆ ಹಲ್ಲುಗಳಿಗೆ ನೇಕಾರರು ಇಟ್ಟ ಹೆಸರು ಕೇಳಿ. ಒಂದಕ್ಕೆ ಹಣಿಗೆ. ಅಂದರೆ ತಲೆ ಬಾಚುವ ಹಣಿಗೆಯ ಹಲ್ಲು. ಇನ್ನೊಂದರಲ್ಲಿ ಕೋಟೆಯ ತೆನೆಗೋಡೆ. ಮತ್ತೊಂದರಲ್ಲಿ ಗುಡ್ಡದ ಸಾಲು. ತೋಪುತೆನೆಯಲ್ಲಿ ಜೋಳದ ತೆನೆ. ಕನ್ನಡಿಯ ಮುಂದಿನ ವಸ್ತು, ಊರ ಕಾಯುವ ಗೋಡೆ, ಕಣ್ಣೆದುರಿನ ಬೆಟ್ಟ, ಹೊಟ್ಟೆಗೆ ಹಾಕುವ ಜೋಳ. ಉಟ್ಟವಳು ದಿನಾ ನೋಡುವುದೆಲ್ಲ ಅವಳ ಹೆಗಲ ಮೇಲೆ ಬಂದು ಕೂತಿದೆ.

ಈಗ ಅದರ ಕಸುಬು. ಸೀರೆಯ ಮೈಯ ಹಾಸು ಬೇರೆ. ಸೆರಗಿನ ಹಾಸು ಬೇರೆ. ಸೆರಗಿಗೆ ರೇಷ್ಮೆ ಎಳೆ. ಮೈಗೆ ಹತ್ತಿಯ ಎಳೆ ಇರಬಹುದು. ಎರಡನ್ನೂ ಮಗ್ಗದ ಮೇಲೆ ಜೋಡಿಸಬೇಕು. ಹೇಗೆ? ಮೈಯ ಪ್ರತಿ ಎಳೆಯ ತುದಿಯಲ್ಲಿ ಒಂದು ಕುಣಿಕೆ. ಸೆರಗಿನ ಪ್ರತಿ ಎಳೆಯ ತುದಿಯಲ್ಲಿ ಒಂದು ಕುಣಿಕೆ. ಕುಣಿಕೆಯೊಳಗೆ ಕುಣಿಕೆ ಸಿಗಿಸುತ್ತಾ ಹೋಗಬೇಕು. ಬಾಗಿಲ ಕೊಂಡಿ ಸಿಗಿಸಿದ ಹಾಗೆ. ಅದಕ್ಕೇ ಇದಕ್ಕೆ ಕೊಂಡಿ ಅಂತಲೇ ಹೆಸರು. ಸಾವಿರಗಟ್ಟಲೆ ಎಳೆ. ಒಂದೂ ತಪ್ಪಬಾರದು. ಪ್ರತಿ ಸೀರೆಗೂ ಹೊಸದಾಗಿ ಈ ಕೆಲಸ. ಒಂದೇ ಹಾಸಿನಲ್ಲಿ ಹತ್ತು ಸೀರೆ ನೇಯ್ದು ಕತ್ತರಿಸುವ ಸುಲಭದ ದಾರಿ ಇಲ್ಲಿಲ್ಲ. ಮನೆಯ ಹೆಣ್ಣುಮಕ್ಕಳು ಕೂತು ಕಂಡಿಕೆ ಸುತ್ತುತ್ತಾರೆ, ಎಳೆ ಹೊಂದಿಸುತ್ತಾರೆ. ಅಂಗಡಿಯಲ್ಲಿ ಈ ಸೀರೆ ಕೊಳ್ಳುವಾಗ ದಯವಿಟ್ಟು ಸೆರಗು ಶುರುವಾಗುವ ಗೆರೆಯನ್ನು ಉಗುರಿಂದ ಮುಟ್ಟಿ ನೋಡಿ. ಕೊಂಡಿ ಇದ್ದರೆ ಸಣ್ಣ ಏಣು ಬೆರಳಿಗೆ ಸಿಗುತ್ತದೆ. ಕೈಮಗ್ಗದ ಗುರುತು ಅದು. ಕಡಿಮೆ ಬೆಲೆಗೆ ಕೊಡು ಅಂತ ಚೌಕಾಸಿ ಮಾಡುವ ಮೊದಲು ಆ ಏಣಿನ ನೆನಪಿರಲಿ ಅಂತ ಕೈಮುಗಿದು ಕೇಳುತ್ತೇನೆ.

ಇನ್ನು ನಮ್ಮ ತಾಂಡಾಗಳು. ದೇವದುರ್ಗ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ ಇವೆ. ಅಲ್ಲಿಯ ಹಿರಿಯ ತಾಯಂದಿರ ತಲೆಯ ಮೇಲೆ ಟುಕ್ರಿ. ತುಂಡು ತುಂಡು ಬಟ್ಟೆ ಜೋಡಿಸಿ, ದಾರದಲ್ಲಿ ಕಸೂತಿ ಹಾಕಿ, ಕನ್ನಡಿ ಚೂರು ಕೂಡಿಸಿದ ಮೇಲುಹೊದಿಕೆ. ಕೆನ್ನೆಯ ಎರಡೂ ಬದಿಗೆ ಬೆಳ್ಳಿಯ ಘುಗರಿ ಇಳಿಬಿದ್ದಿರುತ್ತದೆ. ನಡೆದರೆ ಸಪ್ಪಳ ಮೊದಲು, ಮನುಷ್ಯರು ಆಮೇಲೆ. ಹರಿದದ್ದನ್ನು ಎಸೆಯದೆ ಜೋಡಿಸುವ ಕೈಗೆಲಸವೇ ಇದರ ಬೇರು. ಎತ್ತಿನ ಮೇಲೆ ಸರಕು ಹೇರಿಕೊಂಡು ಊರೂರು ತಿರುಗಿದ ಜನ. ಒಂದು ಚೂರು ಬಟ್ಟೆಯೂ ಅವರಿಗೆ ಬೆಲೆಯುಳ್ಳದ್ದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸುಮಾರು 450 ಲಂಬಾಣಿ ಹೆಣ್ಣುಮಕ್ಕಳ ಕೈಗೆಲಸ ಅಲ್ಲಿ ಪ್ರದರ್ಶನವಾಯಿತು. ಸಾವಿರದ ಏಳುನೂರಕ್ಕೂ ಹೆಚ್ಚು ವಸ್ತುಗಳು. ಗಿನ್ನೆಸ್ ದಾಖಲೆಯೂ ಆಯಿತು. ಆ ಸುದ್ದಿ ಓದಿದ ದಿನ ನನಗೆ ಬಹಳ ಸಂತೋಷವಾಯಿತು.

ಕೇಳುಗರೇ, ನಮ್ಮ ನೆಲದ ಮೂರು ಸೆರಗು ನೋಡಿದೆವು. ಹತ್ತಿಯ ಉಡಿ, ಇಳಕಲ್ಲಿನ ತೋಪುತೆನೆ, ತಾಂಡಾದ ಟುಕ್ರಿ. ಈಗ ನಮ್ಮ ಬಟ್ಟೆ ಸಮುದ್ರ ದಾಟಿದ ಕಥೆ.

ರಾಯಚೂರು 1948ರ ತನಕ ನಿಜಾಮರ ರಾಜ್ಯದಲ್ಲಿತ್ತು. ಅದೇ ರಾಜ್ಯದ ನಲ್ಗೊಂಡ ಸೀಮೆಯಲ್ಲಿ ಪುಟ್ಟಪಾಕ ಅಂತ ಊರಿದೆ. ಆಂಧ್ರದ ಕರಾವಳಿಯಲ್ಲಿ ಚೀರಾಲ ಇದೆ. ಈ ಎರಡು ಕಡೆಯ ನೇಕಾರರು ತೇಲಿಯಾ ರುಮಾಲು ನೇಯುತ್ತಿದ್ದರು. ತೇಲ್ ಅಂದರೆ ಎಣ್ಣೆ. ನೂಲನ್ನು ಎಣ್ಣೆಯಲ್ಲಿ, ಔಡಲ ಕಾಯಿಯ ಸಿಪ್ಪೆ ಸುಟ್ಟ ಬೂದಿಯ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ನಾದಿ, ಒಣಗಿಸಬೇಕು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಔಡಲ. ಹಾಗೆ ಮಾಡಿದ ನೂಲು ಬಣ್ಣವನ್ನು ಗಟ್ಟಿಯಾಗಿ ಹಿಡಿಯುತ್ತದೆ. ತಲೆಗೆ ತಂಪು ಕೊಡುತ್ತದೆ ಅಂತ ಹೆಸರು ಬಂತು. ಕೆಂಪು, ಕಪ್ಪು, ಬಿಳಿ ಮೂರೇ ಬಣ್ಣದ ಚೌಕ. ದನ ಕಾಯುವವರು, ಮೀನುಗಾರರು ಅದನ್ನು ತಲೆಗೆ ಸುತ್ತಿದರು. ಅರಬ್ಬರ ನಾಡಿಗೆ ಹಡಗಿನಲ್ಲಿ ಹೋಯಿತು. ಹೈದರಾಬಾದಿನ ಅರಮನೆಯ ಹೆಣ್ಣುಮಕ್ಕಳು ಅದನ್ನೇ ದುಪಟ್ಟಾ ಮಾಡಿಕೊಂಡರು. ದನಗಾಹಿಯ ತಲೆಯಿಂದ ರಾಜಕುಮಾರಿಯ ಹೆಗಲಿಗೆ ಬಂದ ಬಟ್ಟೆ ಅದು.

ಇನ್ನೂ ದೂರ ಹೋದದ್ದು ಮದ್ರಾಸಿನ ಚೌಕುಳಿ ಬಟ್ಟೆ. ಹತ್ತಿಯ ಬಟ್ಟೆ. ಎಂಟು ಗಜದ ತುಂಡು. ಗಜಕ್ಕೊಂದು ಚೌಕ. ಅದಕ್ಕೇ ವ್ಯಾಪಾರಿಗಳು ಮದ್ರಾಸ್ ಕರವಸ್ತ್ರ ಅಂದರು. ನೈಜೀರಿಯಾದ ನದೀಮುಖದಲ್ಲಿ ಕಲಬಾರಿ ಅನ್ನುವ ಜನ ಇದ್ದಾರೆ. ಅವರಿಗೆ ಈ ಬಟ್ಟೆ ಅಂದರೆ ಪ್ರಾಣ. ಅದಕ್ಕೆ ಇಂಜಿರಿ ಅಂತ ತಮ್ಮದೇ ಹೆಸರಿಟ್ಟರು. ಅಲ್ಲಿಯ ಹೆಣ್ಣುಮಕ್ಕಳು ಬಟ್ಟೆಯನ್ನು ಬಂದ ಹಾಗೆ ಉಡಲಿಲ್ಲ. ಬ್ಲೇಡು ಹಿಡಿದು ಆಯ್ದ ಎಳೆಗಳನ್ನು ಕತ್ತರಿಸಿ ಎಳೆದು ತೆಗೆದರು. ಎಳೆ ಹೋದ ಜಾಗದಲ್ಲಿ ಹೊಸ ಚಿತ್ತಾರ ಮೂಡಿತು. ನಮ್ಮ ನೇಕಾರ ಕೂಡಿಸಿದ್ದು, ಅವರ ಹೆಣ್ಣುಮಕ್ಕಳು ಕಳೆದದ್ದು. ಎರಡೂ ಸೇರಿ ಮೂರನೆಯ ಬಟ್ಟೆ ಆಯಿತು.

ಅದೇ ಚೌಕುಳಿ ಬಟ್ಟೆ ಕೆರಿಬಿಯನ್ ದ್ವೀಪಗಳಿಗೂ ಹೋಯಿತು. ಮಾರ್ಟಿನಿಕ್, ಗ್ವಾಡೆಲೂಪ್, ಸೇಂಟ್ ಲೂಸಿಯಾ. ಕಬ್ಬಿನ ತೋಟದಲ್ಲಿ ಗುಲಾಮಗಿರಿ ಮಾಡಿದ ಆಫ್ರಿಕನ್ ಹೆಣ್ಣುಮಕ್ಕಳ ಮಕ್ಕಳು ಮೊಮ್ಮಕ್ಕಳು ಅದನ್ನು ತಲೆಗೆ ಕಟ್ಟಿದರು. ಕಟ್ಟುವಾಗ ಬಟ್ಟೆಯ ಚುಂಗು ಮೇಲೆ ನಿಲ್ಲುವಂತೆ ಬಿಡುತ್ತಿದ್ದರು. ಒಂದು ಚುಂಗು ನಿಂತಿದ್ದರೆ ಮನಸ್ಸು ಇನ್ನೂ ಯಾರಿಗೂ ಕೊಟ್ಟಿಲ್ಲ. ಎರಡಿದ್ದರೆ ಮಾತುಕತೆ ಆಗಿದೆ. ಮೂರಿದ್ದರೆ ಮದುವೆ ಆಗಿದೆ. ಹೀಗೆ ಅಲ್ಲಿಯ ರೂಢಿ ಅಂತ ಹೇಳುತ್ತಾರೆ. ಬಾಯಿ ಬಿಡದೆ ಚುಂಗಿನಲ್ಲೇ ಮಾತಾಡಿದ ಹೆಣ್ಣುಮಕ್ಕಳು ಅವರು.

ಇಷ್ಟು ಹೊತ್ತು ಹೆಣ್ಣುಮಕ್ಕಳು ತಾವಾಗಿ ಕಟ್ಟಿಕೊಂಡ ಬಟ್ಟೆಯ ಮಾತು. ಇನ್ನು ಬೇರೆಯವರು ಕಟ್ಟಿಸಿದ ಬಟ್ಟೆಯ ಮಾತು. ಇದನ್ನು ಬಿಟ್ಟರೆ ನನ್ನ ಮಾತು ಸುಳ್ಳಾಗುತ್ತದೆ.

1786ರಲ್ಲಿ ಅಮೆರಿಕದ ಲೂಸಿಯಾನ ಸ್ಪೇನಿನ ಕೈಯಲ್ಲಿತ್ತು. ಅಲ್ಲಿಯ ಗವರ್ನರ್ ಎಸ್ತೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ. ಕಪ್ಪು ಮೈಬಣ್ಣದ ಸ್ವತಂತ್ರ ಹೆಣ್ಣುಮಕ್ಕಳು ಕೂದಲು ಕಾಣುವಂತೆ ತಿರುಗಬಾರದು. ತಲೆಗೆ ಬಟ್ಟೆ ಸುತ್ತಬೇಕು. ಅವರ ಕೇಶಾಲಂಕಾರ ಕಂಡು ಊರ ಕಣ್ಣು ಅವರ ಕಡೆ ಹೋಗುತ್ತದೆ ಅನ್ನುವುದು ತಕರಾರು. ಅವರನ್ನು ಗುಲಾಮರ ಸಾಲಿಗೆ ಇಳಿಸಿ ತೋರಿಸುವುದು ಉದ್ದೇಶ. ಆ ಹೆಣ್ಣುಮಕ್ಕಳು ಬಟ್ಟೆ ಸುತ್ತಿದರು. ಆದರೆ ಹೇಗೆ ಸುತ್ತಿದರು? ಸಿಕ್ಕ ಬಟ್ಟೆಯಲ್ಲೇ ಚೆಂದದ್ದನ್ನು ಆರಿಸಿ, ಎತ್ತರವಾಗಿ, ಗರಿ ಸಿಗಿಸಿ, ಒಡವೆ ಚುಚ್ಚಿ ಸುತ್ತಿದರು. ಊರ ಕಣ್ಣು ಮತ್ತೂ ಅವರ ಕಡೆಯೇ ಹೋಯಿತು. ಆ ಕಟ್ಟಿಗೆ ಟಿನ್ಯೋನ್ ಅಂತ ಹೆಸರು. ಆಮೇಲೆ ಅದು ಆ ಸೀಮೆಯ ಫ್ಯಾಷನ್ನೇ ಆಯಿತು.

ಆದರೆ ಎಲ್ಲರಿಗೂ ಆ ದಾರಿ ಸಿಗಲಿಲ್ಲ. ನಮ್ಮ ಕಡೆಯ ಅಗ್ರಹಾರದ ಓಣಿಗಳಲ್ಲಿ ಮಡಿ ಹೆಂಗಸರು ಇದ್ದರು. ಗಂಡ ತೀರಿಕೊಂಡ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಸೆರಗನ್ನು ಹಣೆಯ ತನಕ ಎಳೆಯುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಓದಿದವರಿಗೆ ಆ ಬದುಕು ಗೊತ್ತು. ನಾನು ಚಿಕ್ಕವಳಿದ್ದಾಗ ಅಂಥ ಒಬ್ಬ ಮುದುಕಿಯನ್ನು ಕಂಡಿದ್ದೆ. ಬಾವಿಗೆ ಬರುವಾಗ ಗಾಳಿಗೆ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿ ಹಿಡಿದಿರುತ್ತಿದ್ದರು. ಎರಡೂ ಕೈಯಲ್ಲಿ ಹಗ್ಗ. ಬಾಯಲ್ಲಿ ಸೆರಗು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಲಿಕ್ಕೂ ಬಾಯಿ ಖಾಲಿ ಇರಲಿಲ್ಲ. ಸೆರಗಿನ ಬಗ್ಗೆ ನಾನು ಎಷ್ಟು ಅಕ್ಕರೆಯಿಂದ ಮಾತಾಡಿದರೂ ಆ ಬಾಯಿ ನನ್ನ ಕಣ್ಣ ಮುಂದೆ ಬರುತ್ತದೆ.

ನಮ್ಮ ಹಳೆಯ ಶಿಲ್ಪ ನೋಡಿದರೆ ತಲೆ ಮುಚ್ಚುವುದು ಎಲ್ಲ ಕಾಲದ ಕಟ್ಟಳೆ ಆಗಿರಲಿಲ್ಲ ಅಂತ ತಿಳಿಯುತ್ತದೆ. ಬೀದರ ಜಿಲ್ಲೆಯ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಗುಡಿ ಇದೆ. ಅದರ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತಾ ನಿಂತಿದ್ದಾಳೆ. ಆರನೇ ವಿಕ್ರಮಾದಿತ್ಯನ ಹೊಗಳಿಕೆ ಅದು. ಅವಳ ತಲೆಗೆ ಸೆರಗಿಲ್ಲ. ಮುಡಿ ಇದೆ, ಒಡವೆ ಇದೆ, ಕೈಯಲ್ಲಿ ಅಕ್ಷರ ಇದೆ. ನಮ್ಮ ಕಾಲಕ್ಕೆ ಬಂದರೆ, 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಹುಡುಗಿಯರ ತಲೆವಸ್ತ್ರದ ಪ್ರಶ್ನೆ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಆ ವಾದಕ್ಕೆ ಈ ಹೊತ್ತು ಸಾಲದು. ಶಾಲೆಯಲ್ಲಿ ವರ್ಷಗಟ್ಟಲೆ ಹುಡುಗಿಯರಿಗೆ ಪಾಠ ಹೇಳಿದವಳಾಗಿ ನಾನು ಬಯಸುವುದು ಒಂದೇ. ತಲೆ ಮೇಲೆ ಏನೇ ಇರಲಿ, ಇರದೇ ಇರಲಿ, ಹುಡುಗಿಯ ಕೈಗೆ ಪುಸ್ತಕ ತಪ್ಪಬಾರದು.

ಕಟ್ಟಿಕೊಂಡ ಬಟ್ಟೆ, ಕಟ್ಟಿಸಿದ ಬಟ್ಟೆ ಎರಡನ್ನೂ ಹೇಳಿದೆ. ಇನ್ನು ಯಂತ್ರದ ಪಕ್ಕದ ಬಟ್ಟೆ.

ಎರಡನೇ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದರು. ಕಾರ್ಖಾನೆಗೆ ಹೆಣ್ಣುಮಕ್ಕಳು ಬಂದರು. ಉದ್ದ ಕೂದಲು ಯಂತ್ರಕ್ಕೆ ಸಿಕ್ಕರೆ ಜೀವಕ್ಕೇ ಅಪಾಯ. ಅದಕ್ಕೆ ತಲೆಗೆ ಚೌಕದ ಬಟ್ಟೆ ಕಟ್ಟಿದರು. 1943ರಲ್ಲಿ ಅಮೆರಿಕದ ಕಾರ್ಖಾನೆಯೊಂದಕ್ಕೆ ಬರೆದ ಭಿತ್ತಿಚಿತ್ರ ಈಗ ಲೋಕಪ್ರಸಿದ್ಧ. ತೋಳು ಮಡಚಿ ಮುಷ್ಟಿ ಹಿಡಿದ ಹೆಣ್ಣುಮಗಳು. ನೀಲಿ ಅಂಗಿ. ತಲೆಗೆ ಕೆಂಪು ಬಟ್ಟೆ, ಅದರ ಮೇಲೆ ಬಿಳಿ ಚುಕ್ಕಿ. ಆ ಬಟ್ಟೆಗೆ ಅವರು ಬಂಡಾನ ಅನ್ನುತ್ತಾರೆ. ಪದ ನಮ್ಮ ದೇಶದ್ದೇ. ಹಿಂದಿಯ ಬಾಂಧ್ನಾ, ಅಂದರೆ ಕಟ್ಟುವುದು. ನಮ್ಮಲ್ಲೂ ಹಾಗೇ. ಹತ್ತಿಯಿಂದ ಬೀಜ ಬೇರೆ ಮಾಡುವ ರಾಯಚೂರಿನ ಜಿನ್ನಿಂಗ್ ಗಿರಣಿಯೊಳಗೆ ಹೋಗಿ ನೋಡಿ. ಗಾಳಿಯ ತುಂಬ ಅರಳೆಯ ಧೂಳು. ಹೆಣ್ಣಾಳುಗಳು ತಲೆಗೂ ಮೂಗಿಗೂ ಸೇರಿಸಿ ಬಟ್ಟೆ ಬಿಗಿದಿರುತ್ತಾರೆ. ಕಣ್ಣು ಮಾತ್ರ ಕಾಣುತ್ತದೆ. ಹುಬ್ಬಿನ ಮೇಲೆ ಹತ್ತಿ ಕೂತು ಎಲ್ಲರೂ ಮುದುಕಿಯರ ಹಾಗೆ ಕಾಣುತ್ತಾರೆ. ಅವರ ಭಿತ್ತಿಚಿತ್ರ ಯಾರೂ ಬರೆದಿಲ್ಲ.

ಯಂತ್ರದ ಪಕ್ಕ ಸೆರಗು ಶತ್ರುವೂ ಆಗುತ್ತದೆ. 1927ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಇಸಡೋರಾ ಡಂಕನ್ ಎಂಬ ದೊಡ್ಡ ನರ್ತಕಿ ತೆರೆದ ಕಾರಿನಲ್ಲಿ ಹೊರಟಳು. ಕೊರಳ ಉದ್ದನೆಯ ರೇಷ್ಮೆ ಬಟ್ಟೆ ಗಾಲಿಗೆ ಸುತ್ತಿತು. ಅಲ್ಲೇ ಪ್ರಾಣ ಹೋಯಿತು. ಇದು ಪರದೇಶದ ಹಳೆಯ ಸುದ್ದಿ ಅಂತ ಬಿಡಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ತಮ್ಮನ ಬೈಕಿನ ಹಿಂದೆ ಕೂತು ಮಾನ್ವಿಗೆ ಹೊರಟಿದ್ದೆ. ಸೆರಗು ಗಾಲಿಯ ಕಡ್ಡಿಗೆ ಸಿಕ್ಕಿತು. ಕೊರಳಿಗೆ ಹಗ್ಗ ಬಿದ್ದ ಹಾಗಾಯಿತು. ಹಿಂದೆ ಬರುತ್ತಿದ್ದ ಆಟೋದವರು ಕೂಗಿದ್ದರಿಂದ ಉಳಿದೆ. ಸೀರೆ ಅರ್ಧ ಹರಿದುಹೋಯಿತು. ಹಿಂದೆ ಕೂತವರ ಬಟ್ಟೆ ಗಾಲಿಗೆ ಸಿಕ್ಕದಂತೆ ತಡೆ ಇರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಚೆಂದ ಕಾಣಲಿ ಅಂತ ಹುಡುಗರು ಅದನ್ನು ಬಿಚ್ಚಿಸಿಬಿಡುತ್ತಾರೆ. ತಮ್ಮಂದಿರೇ, ಬಿಚ್ಚಿಸಬೇಡಿ. ಅಕ್ಕಂದಿರೇ, ಬೈಕು ಹತ್ತುವ ಮೊದಲು ಸೆರಗನ್ನು ಸೊಂಟಕ್ಕೆ ಬಿಗಿದು ಸಿಗಿಸಿ. ರಾಶಿ ಮಾಡುವ ಮಶಿನ್ ಹತ್ತಿರ ಹೋಗುವಾಗಲೂ ಹಾಗೇ.

ಈಗಿನ ಹುಡುಗಿಯರ ಮಾತು ಒಂದಿಷ್ಟು. ಸೇಫ್ಟಿ ಪಿನ್ನಿಗೆ ವಾಲ್ಟರ್ ಹಂಟ್ ಎಂಬ ಅಮೆರಿಕದವನು 1849ರಲ್ಲಿ ಪೇಟೆಂಟ್ ಪಡೆದ. ಆ ಪಿನ್ನು ನಮ್ಮ ಸೆರಗಿನ ಸ್ವಭಾವವನ್ನೇ ಬದಲಿಸಿತು. ನೆರಿಗೆ ಹಿಡಿದು, ಹೆಗಲಿಗೆ ಪಿನ್ನು ಹಾಕಿದ ಸೆರಗು ನೋಡಲಿಕ್ಕೆ ಚೆಂದ. ಶಾಲೆಯ ಹುಡುಗಿಯರ ವೇಲಿಗೂ ಎರಡು ಕಡೆ ಪಿನ್ನು. ಆದರೆ ಪಿನ್ನು ಹಾಕಿದ ಸೆರಗಿನಲ್ಲಿ ಬೆವರು ಒರೆಸಲಿಕ್ಕಾಗದು, ಉಡಿ ಕಟ್ಟಲಿಕ್ಕಾಗದು. ನಾನೂ ಮೂವತ್ತು ವರ್ಷ ಹಾಗೇ ಪಿನ್ನು ಹಾಕಿಕೊಂಡು ಪಾಠ ಹೇಳಿದೆ. ಇನ್ನು ಸೆರಗಿನ ಕಾಲ ಮುಗಿಯಿತು ಅಂತ ನನಗೂ ಅನ್ನಿಸಿತ್ತು.

ಹಾಗಾಗಲಿಲ್ಲ. ಮಾರ್ಚ್ ಬಂತೆಂದರೆ ರಾಯಚೂರಿನ ರಸ್ತೆ ಬದಿಯಲ್ಲಿ ಸ್ಟೋಲ್ ಮಾರುವವರು ಹಗ್ಗ ಕಟ್ಟಿ ಬಣ್ಣಬಣ್ಣದ ಬಟ್ಟೆ ತೂಗುಬಿಡುತ್ತಾರೆ. ಸ್ಕೂಟಿಯ ಮೇಲೆ ಕಾಲೇಜಿಗೆ, ಆಸ್ಪತ್ರೆಯ ಪಾಳಿಗೆ, ಅಂಗಡಿ ಕೆಲಸಕ್ಕೆ ಹೋಗುವ ಹುಡುಗಿಯರು ಅದನ್ನು ತಲೆಗೆ ಹೊದ್ದು, ಮುಖಕ್ಕೆ ಎಳೆದು, ಹಿಂದೆ ಗಂಟು ಹಾಕುತ್ತಾರೆ. ಹಿಂದೂ ಹುಡುಗಿ ಯಾರು, ಮುಸ್ಲಿಂ ಹುಡುಗಿ ಯಾರು, ಕ್ರೈಸ್ತರ ಹುಡುಗಿ ಯಾರು, ದೂರದಿಂದ ಗೊತ್ತಾಗುವುದಿಲ್ಲ. ಬಿಸಿಲಿಗೆ ಎಲ್ಲರೂ ಒಂದೇ. 2020ರಲ್ಲಿ ಕೊರೋನಾ ಬಂದಾಗ ಹಳ್ಳಿಗೆ ಮಾಸ್ಕು ಬರುವ ಮೊದಲೇ ಸೆರಗು ಮೂಗಿಗೆ ಬಂದಿತ್ತು. ಆಮೇಲೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಮಾಸ್ಕು ಹೊಲಿದು ಹಂಚಿದರು.

ಗುಳೆ ಹೋದವರನ್ನೂ ನೆನೆಯಬೇಕು. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ತಾಯಂದಿರು ಬಹಳ. ಅಲ್ಲಿ ಹಳೆಯ ಸೀರೆಯೊಂದನ್ನು ಎರಡು ಕಂಬಕ್ಕೆ ಕಟ್ಟಿದರೆ ತೊಟ್ಟಿಲು. ಕೂಸು ಅದರೊಳಗೆ ಮಲಗುತ್ತದೆ. ತಾಯಿ ಸಿಂಬಿಯ ಮೇಲೆ ಇಟ್ಟಿಗೆ ಹೊತ್ತು ಮಹಡಿ ಹತ್ತುತ್ತಾಳೆ. ಇಳಿದು ಬಂದಾಗೊಮ್ಮೆ ತೊಟ್ಟಿಲ ಚುಂಗು ಹಿಡಿದು ತೂಗಿ ಹೋಗುತ್ತಾಳೆ.

ಹೋದ ಸಲದ ಸುಗ್ಗಿಯಲ್ಲಿ ನಾನು ಊರಿಗೆ ಹೋಗಿದ್ದೆ. ಸಂಜೆ ಹೊಲದ ಬದುವಿನಲ್ಲಿ ತೂಕ ನಡೆದಿತ್ತು. ಒಬ್ಬೊಬ್ಬರೇ ತಮ್ಮ ಗಂಟು ತಂದು ತೂಕಕ್ಕೆ ಇಟ್ಟರು. ಹೊಲದವರ ಸೊಸೆ ನೋಟುಬುಕ್ಕಿನಲ್ಲಿ ಕಿಲೋ ಬರೆದುಕೊಂಡಳು. ಕೊನೆಗೆ ಬಂದವರು ಅರವತ್ತು ದಾಟಿದ ಅಕ್ಕ. ತೂಕ ಆಯಿತು. ಕೂಲಿಯ ನೋಟು ಕೈಗೆ ಬಂತು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ಸೆರಗಿನ ಚುಂಗಿಗೆ ಇಟ್ಟು, ಗಂಟು ಹಾಕಿ, ಹಲ್ಲಿಂದ ಬಿಗಿದರು. ಆಮೇಲೆ ಸೆರಗನ್ನು ಎರಡು ಸಲ ಜೋರಾಗಿ ಝಾಡಿಸಿದರು. ಹತ್ತಿಯ ಎಳೆಗಳು ಸಂಜೆಯ ಗಾಳಿಯಲ್ಲಿ ಹಾರಿದವು. “ಬರ್ತೀನಿ ನಮ್ಮವ್ವಾ, ಆಟೋ ಹೋಗ್ತದ,” ಅಂದರು. ಸೆರಗು ತಲೆಗೆ ಹೊದ್ದುಕೊಂಡು ರಸ್ತೆಯ ಕಡೆ ಬಿರಬಿರನೆ ನಡೆದರು.